ಬೆಂಕಿ ಹಿಡಿಯುವ ಬಗೆ



ಒಲೆ ಹೊತ್ತಿಸುವವರು ಯಾರೂ ಮೊದಲು ದಪ್ಪ ಕೊರಡಿಗೆ ಕಡ್ಡಿ ಗೀರುವುದಿಲ್ಲ. ತರಗು, ಪುರಲೆ, ಸೀಳು ಸೌದೆ ಎಂಬ ಕ್ರಮದಲ್ಲಿ ಬೆಂಕಿಯನ್ನು ಬೆಳೆಸುತ್ತಾರೆ. ಕೊರಡೂ ಪುರಲೆಯೂ ಒಂದೇ ಮರದವು. ಆದರೆ ತೆಳುವಾದದ್ದು, ಒಣಗಿದ್ದು, ಸುತ್ತ ಗಾಳಿಯಾಡುವಂಥದ್ದು ಬೇಗ ಹೊತ್ತುತ್ತದೆ. ಜ್ವಾಲೆಯಾಗಿ ಉರಿಯುವುದು ಕಾದ ಕಟ್ಟಿಗೆಯಿಂದ ಹೊರಡುವ ಅನಿಲ. ಅದಕ್ಕೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಸಿ ಕಟ್ಟಿಗೆಯಲ್ಲಿ ಆ ಶಾಖ ಮೊದಲು ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ.

ಕೆಲವು ದ್ರವಗಳಿಗೆ ಅಷ್ಟು ಶಾಖ ಬೇಕಿಲ್ಲ. ಸೀಮೆಎಣ್ಣೆ ಸುಮಾರು 40 ಡಿಗ್ರಿಗೆ ಕಾದಾಗ ಕಿಡಿಗೆ ಹೊತ್ತುವಷ್ಟು ಆವಿ ಕೊಡುತ್ತದೆ. ಥಿನ್ನರಿನಲ್ಲಿ ಬಳಸುವ ಟಾಲ್ವೀನಿಗೆ 4 ಡಿಗ್ರಿ ಸಾಕು. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಬಲ್ಲದು.

ಬೆಟ್ಟದ ಊರುಗಳಿಂದ ಓದಿಗೂ ದುಡಿಮೆಗೂ ಬೆಂಗಳೂರು ಸೇರುವ ಮಕ್ಕಳು ಇದನ್ನು ಅರಿತಿರಬೇಕು. ನಗರದ ಪಶ್ಚಿಮದ ಕುರುಬರಹಳ್ಳಿಯಂಥ ಬಡಾವಣೆಗಳಲ್ಲಿ ಮನೆಗೆ ಮನೆ ತಾಗಿದೆ. ರಾಜಾಜಿನಗರದ ಕೈಗಾರಿಕಾ ಪ್ರದೇಶವೂ ದೂರವಿಲ್ಲ. ಅದೇ ಪಶ್ಚಿಮ ಭಾಗದ ಬಾಪೂಜಿನಗರದ ಬಳಿ, ಹೊಸಗುಡ್ಡದಹಳ್ಳಿಯಲ್ಲಿ, 2020ರ ನವೆಂಬರ್ 10ರಂದು ವಸತಿ ಮನೆಗಳ ನಡುವಿನ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಡ್ರಮ್ಮುಗಳು ಸಿಡಿದವು, ಅಕ್ಕಪಕ್ಕದವರು ಮನೆ ತೆರವು ಮಾಡಬೇಕಾಯಿತು. ಅಡುಗೆ ಅನಿಲವೂ ಇಂಥದ್ದೇ: ಗಾಳಿಗಿಂತ ಭಾರವಾಗಿ ನೆಲದಲ್ಲಿ ಹರಡುತ್ತದೆ, ಗಾಳಿಯಲ್ಲಿ ಶೇಕಡ 2ರಷ್ಟು ಬೆರೆತರೂ ಕಿಡಿಗೆ ಸಿದ್ಧ. ವಾಸನೆ ಬಂದೊಡನೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಬೇಕು, ಬಾಗಿಲು ಕಿಟಕಿ ತೆರೆಯಬೇಕು.

ಬೆಟ್ಟದಲ್ಲೂ ನಿಯಮ ಬೇರೆಯಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ವಲಯವೂ ಸೇರಿ ಸಾವಿರಾರು ಎಕರೆ ಕಾಡು ಕಾಳ್ಗಿಚ್ಚಿಗೆ ಸಿಕ್ಕಿತು. ಬೇಸಿಗೆಯ ಒಣಹುಲ್ಲೆಂದರೆ ಕಾಡು ತಾನೇ ಜೋಡಿಸಿಟ್ಟುಕೊಂಡ ಪುರಲೆ. ಲಂಟಾನದ ಪೊದೆ ನೆಲದ ಬೆಂಕಿಯನ್ನು ಕೊಂಬೆಗೆ ಏರಿಸುವ ಏಣಿ. ಇಳಿಜಾರಿನಲ್ಲಿ ಮೇಲೇರುವ ಜ್ವಾಲೆ ಮುಂದಿನ ಹುಲ್ಲನ್ನು ತಾನೇ ಕಾಯಿಸಿ ಒಣಗಿಸುತ್ತ ವೇಗ ಪಡೆಯುತ್ತದೆ. ಆದುದರಿಂದ ಆರಿಸಲು ಹೋದವರು ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ನಿಲ್ಲಬಾರದು.

ಕಿಡಿ ಎಲ್ಲಿಂದ ಬರುವುದೆಂದು ಮೊದಲೇ ಹೇಳಲಾಗದು. ಬೀಡಿಯ ತುಂಡೂ ಸಾಕು, ತಂತಿಯ ತಗುಲಾಟವೂ ಸಾಕು. ಕಿಡಿಗೆ ಸಿಗುವ ಆಹಾರವನ್ನು ಕಡಿಮೆ ಮಾಡುವುದು ಮನುಷ್ಯರ ಕೈಯಲ್ಲಿದೆ. ಬೇಸಿಗೆಗೆ ಮುನ್ನ ಬೆಂಕಿರೇಖೆ ಬಿಡಿಸುವುದು, ಮನೆಯಂಚಿನ ತರಗು ಗುಡಿಸುವುದು, ಬಾಡಿಗೆ ಕೊಠಡಿಯಲ್ಲಿ ಪೆಟ್ರೋಲ್, ಥಿನ್ನರ್ ಇಡದಿರುವುದು, ವಸತಿಯ ನಡುವೆ ಅಂಥ ದಾಸ್ತಾನು ಕಂಡರೆ ನೆರೆಹೊರೆಯವರು ಕೂಡಿ ಅಧಿಕಾರಿಗಳಿಗೆ ದೂರು ಕೊಡುವುದು: ಇವೆಲ್ಲ ಬೆಂಕಿ ಬೀಳುವ ಮುನ್ನ ಮಾಡಬೇಕಾದ ಕೆಲಸಗಳು.