ಕೆನ್ನಾಯಿಗಳ ಪಂಕ್ತಿ



ಮೃಗಗಳಿಂದ ಮಾನವನು ನೀತಿಯನ್ನು ಕಲಿಯಬೇಕೆಂದೊಡನೆ ಸಿಂಹದ ಪರಾಕ್ರಮವೂ ಆನೆಯ ಗಾಂಭೀರ್ಯವೂ ನೆನಪಿಗೆ ಬರುವುವು. ಹೆಸರು ಕೆಟ್ಟ ಪ್ರಾಣಿಯ ಬಳಿಗೆ ಪಾಠ ಕೇಳಲು ಹೋಗುವವರು ವಿರಳ. ಬಂಡೀಪುರ, ನಾಗರಹೊಳೆಗಳ ಅರಣ್ಯಗಳಲ್ಲಿ ವಾಸಿಸುವ ಕೆನ್ನಾಯಿಯು ಅಂತಹ ಅಪಕೀರ್ತಿಗೆ ಗುರಿಯಾದ ಜೀವಿ. ಸೀಳುನಾಯಿ, ಕಾಡುನಾಯಿ ಎಂಬುವೂ ಅದರ ಹೆಸರುಗಳೇ.

ಕೆಂಪು ಮೈ, ಕಪ್ಪು ಕುಚ್ಚಿನ ಬಾಲ, ಸುಮಾರು 15 ಕಿಲೋ ತೂಕ. ನೋಟಕ್ಕೆ ಊರನಾಯಿಗಿಂತ ಹೆಚ್ಚಿನದೇನೂ ಅಲ್ಲ. ಆದರೂ ತನಗಿಂತ ಅನೇಕ ಪಾಲು ಭಾರವಾದ ಕಡವೆಯನ್ನು ಅದರ ಗುಂಪು ಕೆಡಹಬಲ್ಲದು. ದಟ್ಟ ಪೊದೆಗಳಲ್ಲಿ ಒಂದಕ್ಕೊಂದು ಕಾಣದಾದಾಗ ಸಿಳ್ಳಿನಂತಹ ಕೂಗಿನಿಂದ ಅವು ಮತ್ತೆ ಕೂಡಿಕೊಳ್ಳುತ್ತವೆ. ಓಡುವ ಬೇಟೆಯನ್ನು ಜೀವವಿರುವಾಗಲೇ ಹರಿಯುವುದರಿಂದ ಅವುಗಳಿಗೆ ಕ್ರೂರಿಗಳೆಂಬ ಹೆಸರು ಬಂದಿತು. ಆಂಗ್ಲರ ಆಳ್ವಿಕೆಯಲ್ಲಿ ಅವುಗಳನ್ನು ಕೊಂದವರಿಗೆ ಬಹುಮಾನವೂ ಸಲ್ಲುತ್ತಿದ್ದಿತು. ಹುಲಿಯು ಕೊರಳು ಹಿಡಿದು ಕೊಂದರೆ ಶೌರ್ಯ, ಕೆನ್ನಾಯಿ ಕೊಂದರೆ ಕ್ರೌರ್ಯವೆಂಬ ಈ ಲೆಕ್ಕವು ಮನುಷ್ಯನದೇ ಹೊರತು ಕಾಡಿನದಲ್ಲ.

ಬಂದೂಕನ್ನು ಕೆಳಗಿಟ್ಟು ತಾಳ್ಮೆಯಿಂದ ನೋಡಿದವರಿಗೆ ಬೇರೊಂದು ಸಂಸಾರವೇ ಕಂಡಿತು. 1970ರ ದಶಕದಲ್ಲಿ ಪ್ರಾಣಿಶಾಸ್ತ್ರಜ್ಞರಾದ ಎ. ಜೆ. ಟಿ. ಜಾನ್‌ಸಿಂಗ್ ಅವರು ಬಂಡೀಪುರದಲ್ಲಿ ಕೆನ್ನಾಯಿಗಳ ನಡೆನುಡಿಯನ್ನು ಬಹುಕಾಲ ಪರೀಕ್ಷಿಸಿದರು. ಗುಂಪಿನಲ್ಲಿ ಸಾಮಾನ್ಯವಾಗಿ ಮರಿಹಾಕುವುದು ಒಂದೇ ಜೋಡಿ. ಆದರೆ ಆ ಮರಿಗಳ ಭಾರವನ್ನು ಹೊರುವುದು ಇಡೀ ಗುಂಪು. ಬಾಣಂತಿಯು ಗವಿಯಲ್ಲಿರುವಾಗ ಉಳಿದವು ದೂರ ಹೋಗಿ ಬೇಟೆಯಾಡಿ, ಹೊಟ್ಟೆಯಲ್ಲಿ ಮಾಂಸವನ್ನು ತುಂಬಿಕೊಂಡು ಬಂದು, ಅವಳ ಮುಂದೆಯೂ ಮರಿಗಳ ಮುಂದೆಯೂ ಕಕ್ಕುತ್ತವೆ. ಕೇಳಲು ಹೇಸಿಗೆಯೆನಿಸಬಹುದು, ಬುತ್ತಿಗಂಟು ಕಟ್ಟಲು ಕೈಯಿಲ್ಲದವರು ಅನ್ನವನ್ನು ಹೊತ್ತು ತರುವ ಬಗೆ ಮತ್ತಾವುದಿದೆ? ಒಮ್ಮೊಮ್ಮೆ ಒಂದೆರಡು ನಾಯಿಗಳು ಬೇಟೆಗೆ ಹೋಗದೆ ಗವಿಯ ಬಳಿ ಕಾವಲು ನಿಲ್ಲುವುದೂ ಉಂಟು.

ಮರಿಗಳು ಬೆಳೆದು ಗುಂಪಿನೊಡನೆ ತಿರುಗತೊಡಗಿದ ಮೇಲಿನ ನಡತೆಯು ಇನ್ನೂ ವಿಚಾರಾರ್ಹವಾದುದು. ಬೇಟೆಯು ಬಿದ್ದಾಗ ಬಲಿಷ್ಠರು ಮರಿಗಳಿಗೆ ಎಡೆಯನ್ನು ಬಿಟ್ಟುಕೊಡುತ್ತವೆ. ಓಡಿ ದಣಿದವರು ಬದಿಗೆ ಸರಿದು ನಿಲ್ಲುತ್ತವೆ. ಅಟ್ಟಲೂ ಹಿಡಿಯಲೂ ಇನ್ನೂ ಅರಿಯದ ಎಳೆಯವು ಮೊದಲು ಉಣ್ಣುತ್ತವೆ. ಸಿಂಹಗಳಲ್ಲಿ ಹಲವು ವೇಳೆ ಇದಕ್ಕೆ ವಿರುದ್ಧವಾದ ಕ್ರಮವಿದ್ದು, ಆಹಾರವು ಸಾಲದಿದ್ದಾಗ ಮರಿಗಳೇ ಉಪವಾಸ ಬೀಳುತ್ತವೆ. ಆದರೂ ರಾಜಪದವಿಯು ದೊರೆತುದು ಸಿಂಹಕ್ಕೆ! ಮಠದ ದಾಸೋಹದಲ್ಲಿ ಬಡಿಸಿದವರು ಕಡೆಯ ಪಂಕ್ತಿಗೆ ಕುಳಿತುಕೊಳ್ಳುವುದನ್ನು ಕಂಡ ಭಕ್ತರಿಗೆ ಕೆನ್ನಾಯಿಯ ಈ ಪದ್ಧತಿಯು ಅಪರಿಚಿತವೆನಿಸಲಾರದು. ದುಡಿದವನಿಗೆ ಮೊದಲ ತುತ್ತು, ಮಕ್ಕಳಿಗೂ ಮುದುಕರಿಗೂ ಉಳಿದದ್ದು ಎಂದು ನಡೆಯುವ ಮನೆಗಳಲ್ಲಿ ಇದನ್ನು ಕುರಿತು ಒಂದು ಗಳಿಗೆ ಯೋಚಿಸುವುದು ಉಚಿತ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೆನ್ನಾಯಿಗೆ ರಕ್ಷಣೆಯನ್ನು ಕೊಟ್ಟಿತು. ಆದರೂ ಅದು ಇಂದು ಜಗತ್ತಿನಲ್ಲಿ ಅಳಿವಿನ ಅಂಚಿಗೆ ಸರಿದ ಪ್ರಾಣಿಗಳ ಸಾಲಿನಲ್ಲಿದೆ. ಕಾಡು ಕುಗ್ಗಿದೆ, ಕಾಡಂಚಿನ ಊರುಗಳ ನಾಯಿಗಳಿಂದ ರೋಗಗಳೂ ತಗಲುತ್ತವೆ. ಒಂದರ ಬಾಯಿಯಿಂದ ಇನ್ನೊಂದಕ್ಕೆ ಉಣಿಸುವ ಈ ಕುಟುಂಬದಲ್ಲಿ ಅಂತಹ ಬೇನೆಯು ಹೊಕ್ಕರೆ ಗವಿಯ ಮರಿಗಳವರೆಗೂ ಹಬ್ಬಬಲ್ಲದು. ಕಾಡಿನ ಮಗ್ಗುಲಲ್ಲಿ ನಾಯಿ ಸಾಕಿದ ಗೃಹಸ್ಥರು ಅವುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಿ, ರಾತ್ರಿ ಕಾಡಿಗೆ ಬಿಡದೆ ಕಟ್ಟಿಹಾಕುವುದು ಕಷ್ಟದ ಕೆಲಸವೇನೂ ಅಲ್ಲ.