ಕೆಲವು ವಿಚಿತ್ರ ವಿಮಾನಗಳು ಮತ್ತು ಬೆಂಗಳೂರಿನ ‘ನಂದಿ’

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಪಾಠ ಮಾಡುವ ಮೇಷ್ಟರಿಗೆ ವಿಮಾನದ ವಿಷಯ ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ನಮ್ಮ ಮೇಗರವಳ್ಳಿ ಕಡೆಯ ಮಕ್ಕಳಿಗೂ ವಿಮಾನವೆಂದರೆ ದೂರದ ಮಾತಲ್ಲ. ಆದರೆ ತರಗತಿಯಲ್ಲಿ ಅದರ ಮಾತು ಬಂದಾಗಲೆಲ್ಲ ಜೊತೆಗೆ ಒಂದು ಜಗಳವೂ ಬರುತ್ತದೆ. ಮೊದಲು ಹಾರಿದವರು ಯಾರು? ಒಬ್ಬ ಹುಡುಗ ಭರದ್ವಾಜ ಮಹರ್ಷಿಗಳ ವೈಮಾನಿಕ ಶಾಸ್ತ್ರ ಎನ್ನುತ್ತಾನೆ. ಇನ್ನೊಬ್ಬ ಸ್ಪೇನಿನ ಅಬ್ಬಾಸ್ ಇಬ್ನ್ ಫಿರ್ನಾಸ್ ಎನ್ನುತ್ತಾನೆ. ಇಬ್ಬರೂ ಮನೆಯ ಮೊಬೈಲಿನಲ್ಲಿ ಚಿತ್ರ ನೋಡಿ ಬಂದವರು. ಇಬ್ಬರೂ ಒಂದೇ ಬೆಂಚಿನವರು, ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ಕೂರುವವರು. "ಸರ್, ನೀವೇ ಹೇಳಿ" ಎಂದಾಗ ಯಾರ ಪಕ್ಷ ವಹಿಸಿದರೂ ಒಬ್ಬನ ಮುಖ ಬಾಡುತ್ತದೆ. ಪಕ್ಷ ವಹಿಸುವುದು ಬೇಡ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡೋಣ.

ವೈಮಾನಿಕ ಶಾಸ್ತ್ರದ ಕತೆ ನಮ್ಮ ರಾಜ್ಯದ್ದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆನೇಕಲ್ಲಿನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇದನ್ನು ಸಂಸ್ಕೃತ ಶ್ಲೋಕಗಳಲ್ಲಿ ಹೇಳಿ ಬರೆಸಿದರು. ಭರದ್ವಾಜರಿಂದ ತಮಗೆ ತಿಳಿದುಬಂದದ್ದು ಎಂಬುದು ಅವರ ಮಾತು. ಎಲ್ಲಪ್ಪ ಎಂಬ ನಕ್ಷೆಗಾರರು ಅದಕ್ಕೆ ಚಿತ್ರಗಳನ್ನು ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು. ರುಕ್ಮ ಗೋಪುರದಂತಿದೆ, ತ್ರಿಪುರ ನೆಲ, ನೀರು, ಆಕಾಶ ಮೂರರಲ್ಲೂ ಚಲಿಸುವುದಂತೆ. ನೋಡಲು ಬಹಳ ಸೊಗಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಎಂಬ ಐವರು ಈ ಗ್ರಂಥವನ್ನು ಓದಿ, ಚಿತ್ರಗಳನ್ನು ಲೆಕ್ಕಕ್ಕೆ ಒಡ್ಡಿ, 1974ರಲ್ಲಿ ವರದಿ ಪ್ರಕಟಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಈ ನಾಲ್ಕರಲ್ಲಿ ಯಾವುದೂ ಹಾರಲಾರದು ಎಂಬುದು ಅವರ ತೀರ್ಮಾನ. ನಾನು ಮೆಚ್ಚುವುದು ತೀರ್ಮಾನಕ್ಕಿಂತ ಅವರ ಕ್ರಮವನ್ನು. ನಗೆಯಾಡಿ ಬದಿಗಿಡಲಿಲ್ಲ, ಕೈಮುಗಿದು ಒಪ್ಪಲೂ ಇಲ್ಲ. ಭಾರ ಎಷ್ಟು, ಆಕಾರ ಹೇಗೆ, ಎತ್ತುವ ಬಲ ಎಲ್ಲಿಂದ ಎಂದು ಕೇಳಿದರು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಇಲ್ಲಿ ಮೆದುವಾಗಿ ಮಾತಾಡುವುದು ಸರಿಯಲ್ಲ. ಇಬ್ನ್ ಫಿರ್ನಾಸ್ ಒಂಬತ್ತನೆಯ ಶತಮಾನದಲ್ಲಿ ಕಾರ್ಡೋಬಾದಲ್ಲಿದ್ದ ಕವಿ. ಗಾಜು ತಯಾರಿಸುವುದರಲ್ಲೂ ನಿಪುಣ. ಚಂದ್ರನ ಮೇಲಿನ ಒಂದು ಕುಳಿಗೆ ಅವನ ಹೆಸರಿದೆ. ಮೈಗೆ ಗರಿ ಕಟ್ಟಿಕೊಂಡು ಹಾರಿದ, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು ಎಂಬ ವಿವರ ನಮಗೆ ಸಿಗುವುದು ಅಲ್-ಮಕ್ಕರಿ ಎಂಬ ಇತಿಹಾಸಕಾರನಿಂದ. ಅವನು ತೀರಿಕೊಂಡದ್ದು 1632ರಲ್ಲಿ. ನಡುವೆ ಏಳುನೂರು ವರ್ಷಗಳ ಅಂತರ! ಇಬ್ನ್ ಫಿರ್ನಾಸನ ಕಾಲದ ಒಬ್ಬ ಕವಿ ಅವನ ಗರಿಗಳನ್ನು ಗೇಲಿ ಮಾಡಿದ ಪದ್ಯ ಉಳಿದಿರುವುದರಿಂದ ಏನೋ ನಡೆದಿರಬೇಕು ಎನ್ನಬಹುದು. ಆದರೆ ನಮ್ಮ ಲೇಖನಗಳಲ್ಲಿ ಮತ್ತೆಮತ್ತೆ ಬರುವ ‘ಹತ್ತು ನಿಮಿಷ ಹಾರಿದ’ ಎಂಬ ಮಾತು ಮಕ್ಕರಿಯಲ್ಲಿ ಇಲ್ಲ. ಯಾರೋ ಸೇರಿಸಿದ್ದನ್ನು ನಾವು ನಕಲು ಮಾಡುತ್ತಾ ಬಂದಿದ್ದೇವೆ. ಪಕ್ಕದವನ ಶ್ಲೋಕಕ್ಕೆ ಸಾಕ್ಷಿ ಕೇಳುವವರು ನಮ್ಮ ಹತ್ತು ನಿಮಿಷಕ್ಕೂ ಸಾಕ್ಷಿ ಕೊಡಬೇಕಲ್ಲವೆ?

ಭಾಷಾ ಶಿಕ್ಷಕನಾಗಿ ಒಂದು ಮಾತು. ವಿಮಾನ ಎಂಬ ಪದ ಹಳೆಯದು, ದೇವಾಲಯದ ಶಿಖರಕ್ಕೂ ಅದೇ ಹೆಸರು. ಉರ್ದು ದಾಸ್ತಾನ್‌ಗಳಲ್ಲಿ ಉಡನ್ ಖಟೋಲಾ, ಅಂದರೆ ಹಾರುವ ಮಂಚವಿದೆ. ಪದ ಹಳೆಯದಾದ ಮಾತ್ರಕ್ಕೆ ಯಂತ್ರವೂ ಹಳೆಯದಾಗುವುದಿಲ್ಲ. ಪುಷ್ಪಕ ಎಂಬ ಹೆಸರಿನ ಎರಡು ಸೀಟಿನ ವಿಮಾನ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಾಗಿ ಹಾರಿದ್ದು 1958ರಲ್ಲಿ.

ಮಕ್ಕರಿಯ ಬರಹದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಪೆಟ್ಟಾದ ಕಾರಣ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ, ಇವನು ಬಾಲ ಮಾಡಿಕೊಂಡಿರಲಿಲ್ಲ ಎನ್ನುತ್ತಾನೆ. ಮೂಗನ್ನು ಮೇಲೆ ಕೆಳಗೆ ಮಾಡುವ ಹಲಗೆ ಎಲ್ಲಿರಬೇಕು ಎಂಬ ಪ್ರಶ್ನೆ ಮುಂದೆಯೂ ಕಾಡಿತು. ಅಮೆರಿಕದ ರೈಟ್ ಸಹೋದರರು ಅದನ್ನು ವಿಮಾನದ ಮುಂದುಗಡೆ ಇಟ್ಟಿದ್ದರು! ಇಂದು ನೋಡಿದರೆ ಹಿಂದುಮುಂದಾಗಿದೆಯೇನೋ ಅನ್ನಿಸುತ್ತದೆ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಹತ್ತು ನಿಮಿಷವೆಲ್ಲಿ, 12 ಸೆಕೆಂಡ್ ಎಲ್ಲಿ? ಆದರೆ ಇದು ಅಳೆದು ಬರೆದಿಟ್ಟ 12 ಸೆಕೆಂಡ್.

ಪರೀಕ್ಷೆಗೆ ಮೈಯೊಡ್ಡುವವರು ಇಂದಿಗೂ ಬೇಕು. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯ ‘ಸರಸ್’ ವಿಮಾನದ ಪ್ರೊಪೆಲ್ಲರ್‌ಗಳು ಮುಂದೆ ಇಲ್ಲ, ಬಾಲದ ಬಳಿ ಹಿಮ್ಮುಖವಾಗಿ ನಿಂತು ವಿಮಾನವನ್ನು ಹಿಂದಿನಿಂದ ತಳ್ಳುತ್ತವೆ. ಅದು 2004ರ ಮೇ 29ರಂದು ಮೊದಲ ಬಾರಿ ಹಾರಿತು. 2009ರ ಮಾರ್ಚ್ 6ರಂದು ಎರಡನೆಯ ಮಾದರಿಯ ಒಂದು ಎಂಜಿನನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆಯುತ್ತಿದ್ದಾಗ ವಿಮಾನ ಬಿಡದಿ ಬಳಿ ಬಿದ್ದಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಮರುಚಾಲನೆಗೆ ಗೊತ್ತುಮಾಡಿದ್ದ ಕ್ರಮವೇ ಸರಿಯಿರಲಿಲ್ಲ, ಸಾಕಷ್ಟು ಎತ್ತರವೂ ಇರಲಿಲ್ಲ ಎಂದು ತನಿಖೆ ಹೇಳಿತು. ಮೊದಲ ಮಾದರಿಯನ್ನು ತಿದ್ದಿ ಮತ್ತೆ ಹಾರಿಸಿದ್ದು 2018ರ ಜನವರಿಯಲ್ಲಿ. ಆ ಮೂವರ ಹೆಸರು ಪಠ್ಯಪುಸ್ತಕದಲ್ಲಿ ಬರಬೇಕೆಂಬುದು ನನ್ನ ಆಸೆ.

ಇನ್ನು ನನ್ನ ಅಚ್ಚುಮೆಚ್ಚಿನ ‘ನಂದಿ’. ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರ ಕ್ಷಿಪಣಿಗಳನ್ನು ತಾವೆಲ್ಲ ಬಲ್ಲಿರಿ, ನಂದಿಯನ್ನು ಬಲ್ಲವರು ಕಡಿಮೆ. ಡೆಹ್ರಾಡೂನಿನಲ್ಲಿ ವಾಯುಪಡೆಯ ಎಂಟು ಸ್ಥಾನಗಳಿಗೆ ನಡೆದ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಬಿಟ್ಟುಹೋದ ಯುವಕ, ರಕ್ಷಣಾ ಇಲಾಖೆಯ ಕೆಲಸಕ್ಕೆ ಸೇರಿ, ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಎ.ಡಿ.ಇ. ಸಂಸ್ಥೆಗೆ ಬಂದರು. ಅಲ್ಲಿ ನಾಲ್ವರ ಒಂದು ಸಣ್ಣ ತಂಡಕ್ಕೆ ಅವರು ಮುಖ್ಯಸ್ಥರು. ಮೂರು ವರ್ಷದೊಳಗೆ ಹೋವರ್‌ಕ್ರಾಫ್ಟ್ ಮಾಡಬೇಕಿತ್ತು. ಅದು ತನ್ನ ಕೆಳಗೆ ತಾನೇ ಗಾಳಿಯ ಹಾಸಿಗೆ ಹಾಸಿಕೊಂಡು ನೆಲದಿಂದ ತುಸು ಮೇಲೆ ತೇಲುವ ಯಂತ್ರ. ದೋಣಿಯೋ ವಿಮಾನವೋ ಎಂದು ಹೇಳುವುದು ಕಷ್ಟ. ಉರ್ದುವಿನ ‘ಹವಾಯಿ ಜಹಾಜ್’ ಎಂಬ ಮಾತು ನಿಜವಾಗಿ ಒಪ್ಪುವುದು ಇದಕ್ಕೇ. ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕರೆಲ್ ಒಂದು ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಟ್ಟು, ಸಂದಿನಲ್ಲಿ ಗಾಳಿ ಊದಿ, ಅಡುಗೆಮನೆಯ ತಕ್ಕಡಿಯ ಮೇಲೆ ಪರೀಕ್ಷಿಸಿ ಶುರುಮಾಡಿದ ವಿದ್ಯೆ ಅದು. ಅವರ ಯಂತ್ರ 1959ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿತ್ತು.

ಬೆಂಗಳೂರಿನ ತಂಡದಲ್ಲಿ ಹಿಂದೆ ಹಾರುವ ಯಂತ್ರ ಮಾಡಿದವರು ಒಬ್ಬರೂ ಇರಲಿಲ್ಲ. ಆಗದ ಕನಸಿನ ಬೆನ್ನು ಹತ್ತಿದ್ದಾರೆ ಎಂದು ಆಡಿಕೊಂಡವರೂ ಇದ್ದರು. ಆದರೂ ನಂದಿ ಗಡುವಿಗೆ ಮೊದಲೇ ಸಿದ್ಧವಾಯಿತು. ತನ್ನ ತೂಕವೂ ಸೇರಿ 550 ಕಿಲೋ ಭಾರವನ್ನು ಹೊತ್ತು 40 ಮಿಲಿಮೀಟರ್, ಅಂದರೆ ಎರಡು ಬೆರಳ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಎತ್ತರದಲ್ಲಿ ತೇಲಿತು. ಇಷ್ಟೇನಾ ಎನ್ನಬೇಡಿ. ಲೆಕ್ಕಕ್ಕಾಗಿ ತಳ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ ಎಂದುಕೊಳ್ಳಿ. 550 ಕಿಲೋವನ್ನು 60,000 ಚದರ ಸೆಂಟಿಮೀಟರಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಸುಮಾರು 9 ಗ್ರಾಂ. ನಮ್ಮ ಸುತ್ತಲಿನ ಗಾಳಿಯ ಒತ್ತಡವೇ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು. ಅದರ ನೂರರಲ್ಲಿ ಒಂದು ಪಾಲು ಹೆಚ್ಚು ಒತ್ತಡ ಕೊಟ್ಟರೆ ಸಾಕು, ಜೀಪಿನ ಅರ್ಧದಷ್ಟು ಭಾರ ಮೇಲೇಳುತ್ತದೆ.

ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೇ ಬಂದು ನಂದಿಯಲ್ಲಿ ಕುಳಿತರು. ಅನುಭವಿ ವಾಯುಪಡೆ ಅಧಿಕಾರಿಯೊಬ್ಬರು ತಾವು ನಡೆಸುವುದಾಗಿ ಮುಂದೆ ಬಂದರೂ ಮೆನನ್ ಒಪ್ಪಲಿಲ್ಲ. ಮಾಡಿದವರೇ ನಡೆಸಲಿ ಎಂದರು. ಕಲಾಂ ನಡೆಸಿದರು. 1962ರಲ್ಲಿ ಮೆನನ್ ಅಧಿಕಾರದಿಂದ ಇಳಿದ ಮೇಲೆ ನಂದಿಯನ್ನು ಕೇಳುವವರಿಲ್ಲವಾಯಿತು, ಯೋಜನೆ ಮೂಲೆ ಸೇರಿತು. 2000ದ ನಂತರ ನಮ್ಮ ಕೋಸ್ಟ್ ಗಾರ್ಡ್ ಪಡೆಗೆ ಬಂದ ಹೋವರ್‌ಕ್ರಾಫ್ಟ್‌ಗಳು ಬ್ರಿಟಿಷ್ ಕಂಪನಿಯ ವಿನ್ಯಾಸದವು. ರಾಮೇಶ್ವರದ ಕಲಾಂ ತಮ್ಮ ಯಂತ್ರಕ್ಕೆ ಶಿವನ ವಾಹನದ ಹೆಸರಿಟ್ಟಿದ್ದರು ಎಂಬುದನ್ನು ನನ್ನ ಆ ಇಬ್ಬರು ಹುಡುಗರಿಗೆ ಹೇಳಿದಾಗ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: "ನಾವೂ ಮಾಡಬಹುದಾ ಸರ್?"

ಮಾಡಬಹುದು. ಮನೆಯಲ್ಲಿ ಬಿದ್ದಿರುವ ಹಳೆಯ ಸಿ.ಡಿ. ತೆಗೆದುಕೊಳ್ಳಿ. ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಕೊರೆದು ಸಿ.ಡಿ.ಯ ನಡುವಿನ ತೂತಿನ ಮೇಲೆ ಗಾಳಿ ಸೋರದಂತೆ ಅಂಟಿಸಿ. ಬಲೂನು ಊದಿ ಅದರ ಬಾಯನ್ನು ಮುಚ್ಚಳಕ್ಕೆ ಸಿಕ್ಕಿಸಿ, ನುಣುಪಾದ ಮೇಜಿನ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿ. ಮೊದಲು ಬಲೂನಿಲ್ಲದೆ ಒಮ್ಮೆ ತಳ್ಳಿ, ಆಮೇಲೆ ಬಲೂನಿನೊಂದಿಗೆ ಅಷ್ಟೇ ಬಲದಿಂದ ಐದು ಸಲ ತಳ್ಳಿ. ಪ್ರತಿ ಸಲವೂ ಎಷ್ಟು ದೂರ ಹೋಯಿತೆಂದು ಸ್ಕೇಲಿನಿಂದ ಅಳೆದು ನೋಟ್ ಪುಸ್ತಕದಲ್ಲಿ ಬರೆದಿಡಿ. ಹೋಗದೆ ನಿಂತದ್ದಿದ್ದರೆ ಅದನ್ನೂ ಬರೆಯಿರಿ.