ಬೇಡಿದ್ದು ಸಿಗದಾಗ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ಹೋಟೆಲಿನಲ್ಲಿ ದುಡಿಯುವ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದರು. "ಐದು ಹೊತ್ತಿನ ನಮಾಜು ತಪ್ಪಿಸಿಲ್ಲ. ಎರಡು ವರ್ಷದಿಂದ ಒಂದೇ ದುಆ ಮಾಡುತ್ತಿದ್ದೇನೆ. ಸಿಗಲಿಲ್ಲ. ಕೇಳುವವನು ಕೇಳುತ್ತಿದ್ದಾನೆಯೆ?" ಕೆಲವರು ನಕ್ಕರು, ಕೆಲವರು ತೌಬಾ ತೌಬಾ ಎಂದು ಅವರ ಬಾಯಿ ಮುಚ್ಚಿಸಹೋದರು. ಇದರ ಬಗ್ಗೆ ನಾಲ್ಕು ಮಾತು ಹೇಳಿರೆಂದು ಅಧ್ಯಕ್ಷರು ಸಂಘದ ಮುಸಲ್ಮಾನ ಸದಸ್ಯರಾದ ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಮೌಲವಿಗಳಲ್ಲ. ಮಸೀದಿಯಲ್ಲಿ ಕೇಳಿದ್ದು, ಪಾಳಿ ಮುಗಿದ ಮೇಲೆ ಓದಿದ್ದು, ಇಷ್ಟೇ ನಮ್ಮ ಬಂಡವಾಳ.

ಮೊದಲು ಸಂಶಯದ ಮಾತು. ಸಂಶಯ ಬಂದೊಡನೆ ಈಮಾನು ಹೋಯಿತೆಂದು ಹೆದರಿಸುವವರು ನಮ್ಮಲ್ಲಿ ಬಹಳ. ಆದರೆ ಪೈಗಂಬರರ ಸಂಗಾತಿಗಳೇ ಒಮ್ಮೆ ಅವರ ಬಳಿ ಬಂದು, ಬಾಯಿಬಿಟ್ಟು ಹೇಳಲಾರದಂಥ ಯೋಚನೆಗಳು ಮನಸ್ಸಿಗೆ ಬರುತ್ತವೆಂದು ತೋಡಿಕೊಂಡರು. ಆ ಸಂಕಟವೇ ಈಮಾನಿನ ಗುರುತೆಂದು ಪೈಗಂಬರರು ಸಮಾಧಾನ ಹೇಳಿದರೆಂದು ಹದೀಸಿನಲ್ಲಿದೆ. ಹಜರತ್ ಇಬ್ರಾಹೀಮರು ಸತ್ತವರನ್ನು ಹೇಗೆ ಎಬ್ಬಿಸುತ್ತೀ, ತೋರಿಸು ಎಂದು ದೇವರನ್ನೇ ಕೇಳಿದರು. ನಂಬಿಕೆಯಿಲ್ಲವೆ ಎಂದರೆ, ಇದೆ, ಮನಸ್ಸಿಗೆ ನೆಮ್ಮದಿ ಬೇಕು ಎಂದರು. ಅವರಿಗೆ ಬೈಗುಳ ಸಿಗಲಿಲ್ಲ, ನಾಲ್ಕು ಹಕ್ಕಿಗಳ ದೃಷ್ಟಾಂತ ಸಿಕ್ಕಿತು. ಹೀಗಿರುವಾಗ ಹನ್ನೆರಡು ತಾಸು ನಿಂತು ದುಡಿದವನೊಬ್ಬನು ಕೇಳಿದರೆ ನಾವೇಕೆ ಕಣ್ಣು ಕೆಂಪು ಮಾಡಬೇಕು?

ಇನ್ನು ಈಡೇರದ ದುಆ. ಇದನ್ನು ನಾವು ಸರಿಯಾಗಿ ತಿಳಿಯಬೇಕು, ಏಕೆಂದರೆ ಇಲ್ಲಿಯೇ ಬಡವನಿಗೆ ಎರಡನೆಯ ಪೆಟ್ಟು ಬೀಳುವುದು. ಕೆಲಸ ಹೋಯಿತು, ಮಗು ಹಾಸಿಗೆ ಹಿಡಿಯಿತು ಎನ್ನುವವನಿಗೆ, ನಿನ್ನ ನಂಬಿಕೆಯೇ ಗಟ್ಟಿಯಿಲ್ಲ, ಅದಕ್ಕೇ ಕಬೂಲಾಗಲಿಲ್ಲ ಎಂದು ನೆರೆಯವನು ಉಪದೇಶ ಮಾಡುತ್ತಾನೆ. ಅಂಥವರು ಕುರಾನನ್ನು ತೆರೆದು ನೋಡಲಿ. ಪ್ರವಾಹದಲ್ಲಿ ಮುಳುಗಿದ ಮಗನಿಗಾಗಿ ಹಜರತ್ ನೂಹರು ಮೊರೆಯಿಟ್ಟರು, ಮಗ ಸಿಗಲಿಲ್ಲ. ಇಬ್ರಾಹೀಮರು ತಂದೆಗೆ ಕ್ಷಮೆ ಬೇಡಿದರು, ಕೊನೆಗೆ ಆ ಮಾತನ್ನೇ ಬಿಡಬೇಕಾಯಿತು. ಸ್ವತಃ ಪೈಗಂಬರ್ ಮುಹಮ್ಮದರು ತಮ್ಮ ಜನಕ್ಕಾಗಿ ಮೂರು ವರ ಬೇಡಿದರು: ಕ್ಷಾಮದಿಂದ ನಾಶವಾಗಬಾರದು, ನೀರಿನಲ್ಲಿ ಮುಳುಗಿ ನಾಶವಾಗಬಾರದು, ತಮ್ಮತಮ್ಮಲ್ಲಿ ಹೊಡೆದಾಡಬಾರದು. ಮೊದಲಿನ ಎರಡು ಸಿಕ್ಕಿದವು, ಮೂರನೆಯದು ಸಿಗಲಿಲ್ಲ. ಇವರ ನಂಬಿಕೆಯನ್ನು ತೂಗುವ ತಕ್ಕಡಿ ಯಾವ ನೆರೆಯವನ ಹತ್ತಿರ ಇದೆ?

ದುಆ ಕಬೂಲಾಗದ ಒಬ್ಬನ ಕಥೆ ಹದೀಸಿನಲ್ಲಿ ಇದೆ, ನಿಜ. ದೂರ ಪ್ರಯಾಣ ಮಾಡಿ, ತಲೆಗೂದಲು ಕೆದರಿ, ಮೈಯೆಲ್ಲ ಧೂಳಾಗಿ ಕೈಯೆತ್ತಿ ಬೇಡುತ್ತಾನೆ; ಆದರೆ ಅವನು ಉಂಡದ್ದು ಹರಾಮು, ಕುಡಿದದ್ದು ಹರಾಮು, ಉಟ್ಟದ್ದೂ ಹರಾಮು. ಈ ಮಾತನ್ನು ಸಪ್ಲಾಯರನಿಗೂ ತಟ್ಟೆ ತೊಳೆಯುವ ಹುಡುಗನಿಗೂ ಹೇಳುವುದಕ್ಕಿಂತ, ಮೂರು ತಿಂಗಳ ಪಗಾರ ಹಿಡಿದಿಟ್ಟುಕೊಂಡು ದರ್ಗಾಕ್ಕೆ ಚಾದರ ಹೊದಿಸುವ ಧಣಿಗೆ ಹೇಳಿದರೆ ಹೆಚ್ಚು ಒಪ್ಪುತ್ತದೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದೂ, ಅನ್ಯಾಯಕ್ಕೊಳಗಾದವನ ಮೊರೆಗೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲವೆಂಬುದೂ ಹದೀಸಿನ ಮಾತುಗಳೇ.

ಹಾಗಾದರೆ ಸಬರ್ ಎಂದರೇನು? ಕೈಕಟ್ಟಿ ಕೂಡುವುದೆಂದು ಮಾಲಕರಿಗೆ ಅನ್ನಿಸುತ್ತದೆ, ಅವರಿಗದು ಅನುಕೂಲ. ಹಜರತ್ ಯಾಕೂಬರ ಸಬರ್ ನೋಡಿ. ಮಗ ಯೂಸುಫನಿಗಾಗಿ ಅತ್ತು ಅತ್ತು ಅವರ ಕಣ್ಣು ಬೆಳ್ಳಗಾದವು. ಅಳುವುದು ಸಬರಿಗೆ ವಿರುದ್ಧವಲ್ಲ. ಪೈಗಂಬರರೂ ಹಸುಗೂಸು ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಸುರಿಸಿದರು. ಆದರೆ ಅದೇ ಯಾಕೂಬರು, ವರ್ಷಗಳೆಷ್ಟೋ ಕಳೆದ ಮೇಲೂ, ಹೋಗಿ ಹುಡುಕಿರಿ, ಆಸೆ ಬಿಡಬೇಡಿರಿ ಎಂದು ಮಕ್ಕಳನ್ನು ಕಳುಹಿಸಿದರು. ಅಳು ಒಂದು ಕಡೆ, ಹುಡುಕಾಟ ಒಂದು ಕಡೆ.

ಹಾಜರಾ ಬೀಬಿಯ ಸಂಗತಿ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನೀರಿಲ್ಲದ ಕಣಿವೆಯಲ್ಲಿ ಒಂದು ಚೀಲ ಖರ್ಜೂರ, ಒಂದು ತೊಗಲಿನ ನೀರು, ಮೊಲೆ ಕುಡಿಯುವ ಕೂಸು. ದೇವರ ಆಜ್ಞೆಯೆಂದು ಪತಿ ಬಿಟ್ಟುಹೋದರು; ಹಾಗಾದರೆ ಅವನು ನಮ್ಮನ್ನು ಕೈಬಿಡಲಾರನೆಂದು ಆಕೆ ನಂಬಿದಳು. ನಂಬಿ ಸುಮ್ಮನೆ ಕೂತಳೆ? ನೀರು ಮುಗಿದು ಕೂಸು ಒದ್ದಾಡತೊಡಗಿದಾಗ ಸಫಾ ಗುಡ್ಡ ಹತ್ತಿ ನೋಡಿದಳು, ಯಾರೂ ಇಲ್ಲ. ಮರ್ವಾಕ್ಕೆ ಓಡಿದಳು, ಯಾರೂ ಇಲ್ಲ. ಹೀಗೆ ಏಳು ಸಲ. ಒಂದೊಂದು ಸಲಕ್ಕೆ ಸುಮಾರು 450 ಮೀಟರಿನಂತೆ ಲೆಕ್ಕ ಹಾಕಿದರೆ ಮೂರು ಕಿಲೋಮೀಟರಿಗೂ ಮಿಗಿಲು. ಮೊದಲನೆಯ ಓಟಕ್ಕೂ ಫಲವಿಲ್ಲ, ಆರನೆಯದಕ್ಕೂ ಇಲ್ಲ. ಕೊನೆಗೆ ಜಮ್‌ಜಮ್ ಚಿಮ್ಮಿದ್ದು ಎರಡು ಗುಡ್ಡಗಳಲ್ಲಿ ಎಲ್ಲಿಯೂ ಅಲ್ಲ, ಕೂಸು ಮಲಗಿದ್ದ ಕಡೆ. ಆಗಲೂ ಆಕೆ ಎರಡೂ ಕೈಯಿಂದ ಮಣ್ಣು ಎಳೆದು ನೀರಿಗೆ ಕಟ್ಟೆ ಕಟ್ಟಿದಳು. ಆ ಓಟಕ್ಕೆ ಸಯೀ ಎನ್ನುತ್ತಾರೆ, ಅಂದರೆ ಪ್ರಯತ್ನ. ಹಜ್ಜಿಗೆ ಹೋದ ಬಾದಶಹನೂ ಆ ಬಡ ತಾಯಿಯ ಹೆಜ್ಜೆಯಲ್ಲೇ ನಡೆಯಬೇಕು.

ಪ್ರಯತ್ನ ಮಾಡಿಯೂ ಸೋತವರ ಗತಿಯೇನು ಎಂದು ಮಿಲ್ಲಿನ ಸೋದರರು ಕೇಳುವ ಹಕ್ಕುಳ್ಳವರು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ವರ್ಷ ಮೀರಿ ಹೋರಾಡಿದರು, ಅವರವರ ದೇವರಿಗೆ ಕೈಮುಗಿದರು. ಸಾವಿರಾರು ಜನ ಮತ್ತೆ ಕೆಲಸ ಕಾಣಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬೇಡಿದ್ದು ಈಗಲೇ ಸಿಗಬಹುದು, ಇಲ್ಲವೆ ಅದಕ್ಕೆ ಬದಲಾಗಿ ಒಂದು ಕೇಡು ತಪ್ಪಬಹುದು, ಅಥವಾ ಪರಲೋಕಕ್ಕೆ ಕೂಡಿಡಲ್ಪಡಬಹುದು ಎಂದು ಹದೀಸು ಹೇಳುತ್ತದೆ. ನಾವು ಅದನ್ನು ನಂಬುತ್ತೇವೆ. ಆದರೂ ಒಲೆ ಹೊತ್ತದ ಮನೆಯ ಬಾಗಿಲಲ್ಲಿ ನಿಂತು ಈ ಮಾತನ್ನು ಹೇಳುವ ಮುಂಚೆ ಒಂದು ಸೇರು ಅಕ್ಕಿ ಒಯ್ಯುವುದು ಒಳ್ಳೆಯದು.

ಬೇಡಿದೆ, ಸಿಗಲಿಲ್ಲ ಎಂದು ಅವಸರಪಟ್ಟು ಬೇಡುವುದನ್ನೇ ಬಿಡಬೇಡಿರೆಂದು ಪೈಗಂಬರರು ಹೇಳಿದ್ದಾರೆ. ದುಆಗೆ ಅರಬ್ಬಿಯೇ ಬೇಕೆಂದಿಲ್ಲ. ಬ್ಯಾರಿ, ನವಾಯತಿ, ಕನ್ನಡ, ಮನೆಯಲ್ಲಿ ತಾಯಿಯ ಹತ್ತಿರ ಆಡುವ ಮಾತಿನಲ್ಲೇ ಬೇಡಬಹುದು. ರಾತ್ರಿಯ ಕಡೆಯ ಮೂರನೆಯ ಪಾಲಿನಲ್ಲಿ, ಬೇಡುವವರು ಯಾರಿದ್ದೀರಿ ಎಂದು ಅವನೇ ವಿಚಾರಿಸುತ್ತಾನಂತೆ. ನಮ್ಮ ಹೋಟೆಲಿನವರು ಎದ್ದು ಒಲೆ ಹಚ್ಚುವ ಹೊತ್ತು ಅದು. ದುಆಗೆ ವುಜೂ ಕೂಡ ಕಡ್ಡಾಯವಲ್ಲ; ಕೈಯಲ್ಲಿ ಇಡ್ಲಿ ಹಿಟ್ಟು ಅಂಟಿಕೊಂಡಿದ್ದರೂ ನಡೆಯುತ್ತದೆ.